ಎಮ್ಮೆಯ ಹೆಸರಿನ ಬಾಗಿಲು

೨೨ ಅಕ್ಟೋಬರ್ ೨೦೦೪, ಶುಕ್ರವಾರ. ಸಪ್ತಾಪುರ

ಇವತ್ತು ಬನ್ನಿ ಹಬ್ಬ. ಓಣಿಯ ಹುಡುಗರು ಬಂದು ಕೈಗೆ ಎಲೆ ಕೊಟ್ಟು, ‘ಬಂಗಾರದಂಗ ಇರೋಣ್ರಿ’ ಎಂದು ಕಾಲಿಗೆ ಬಿದ್ದು ಹೋದರು. ನನ್ನ ಹೆಂಡತಿ ಶರಣವ್ವ ಇದ್ದಾಗ ಬನ್ನಿ ಎಲೆಯಿಂದ ಬುಟ್ಟಿ ತುಂಬುತ್ತಿತ್ತು. ಅವಳ ಲೆಕ್ಕದ ಕ್ಲಾಸಿನಲ್ಲಿ ಹತ್ತನೆಯ ಇಯತ್ತೆ ಪಾಸಾಗಿ, ಮದುವೆಯಾಗಿ, ಮಕ್ಕಳನ್ನು ಕಟ್ಟಿಕೊಂಡವರೂ ಬರುತ್ತಿದ್ದರು, ‘ಅಕ್ಕಾರ, ಅಕ್ಕಾರ’ ಎನ್ನುತ್ತ. ಈ ಸಲ ಒಂದು ತಟ್ಟೆಯೂ ತುಂಬಲಿಲ್ಲ. ನಾನು ಯುನಿವರ್ಸಿಟಿ ಆಫೀಸಿನ ರಿಟೈರ್ಡ್ ಟೈಪಿಸ್ಟ್, ನನ್ನ ಕಾಲಿಗೆ ಯಾರು ಬೀಳಬೇಕು?

ಶಿವಯೋಗೀಶ ಬರಲಿಲ್ಲ. ಅವಳ ಕೈಯಲ್ಲೇ ಲೆಕ್ಕ ಕಲಿತು, ಅವಳ ಕ್ಲಾಸಿನಲ್ಲೇ ಪಾಠ ಹೇಳಿ, ಅವಳು ತೀರಿಕೊಂಡ ಮೂರೇ ತಿಂಗಳಿಗೆ ಎರಡು ಓಣಿ ಆಚೆ ತನ್ನ ಹೆಸರಿನ ಬೋರ್ಡು ಹಾಕಿಕೊಂಡವನು. ಅವನೊಂದಿಗೆ ಅರ್ಧ ಹುಡುಗರು ಹೋದರು, ಉಳಿದರ್ಧ ತಾವಾಗಿಯೇ ಹೋದರು. ಬರದಿದ್ದರೆ ಬಿಡಲಿ.

ನಿನ್ನೆ ಖಂಡೇನವಮಿಗೆ ಅವಳ ಕಂಪ್ಯೂಟರಿಗೆ ವಿಭೂತಿ ಹಚ್ಚಿ ಚೆಂಡು ಹೂವಿನ ಮಾಲೆ ಹಾಕಿದೆ. ಪೂಜೆ ಮಾಡಿದ್ದನ್ನು ಬನ್ನಿ ಮುಗಿಯುವ ತನಕ ಮುಟ್ಟಬಾರದು ಎಂದು ಅವಳು ಹೇಳುತ್ತಿದ್ದಳು. ಹಾಗಾಗಿ ಚಾಲೂ ಇದ್ದದ್ದನ್ನು ಚಾಲೂ ಬಿಟ್ಟು, ಕೋಣೆಯ ಬಾಗಿಲು ಎಳೆದು, ಹಳೆಯ ಸ್ನೇಹಿತರ ಮನೆಗೆ ಹೋಳಿಗೆ ಊಟಕ್ಕೆ ಹೋದೆ.

ಇವತ್ತು ಅಣ್ಣಿಗೇರಿಯಿಂದ ತಂಗಿ ರೇಣವ್ವ ಫೋನ್ ಮಾಡಿ ಬೈದಳು.

“ಅಣ್ಣಾ, ನಿನ್ನೆ ಮಧ್ಯಾಹ್ನದಿಂದ ಹಚ್ಚೇ ಹಚ್ಚೇನಿ, ಬರೇ ಎಂಗೇಜ್. ಯಾರ ಜೋಡಿ ಅಷ್ಟ ಮಾತು ನಿಂದು?”

“ನಾ ಮನ್ಯಾಗ ಇರಲಿಲ್ಲ ತಂಗಿ.”

“ಹಂಗಾರ ಮನ್ಯಾಗ ಯಾರಿದ್ರು? ಖರೇ ಹೇಳು, ಯಾರರ ಹೊಸಾಕಿನ್ನ ತಂದು ಇಟ್ಟೀಯೇನು?”

ನಕ್ಕು ಫೋನ್ ಇಟ್ಟೆ. ಈಗ ಬರೆಯುವಾಗ ನಗು ಬರುತ್ತಿಲ್ಲ. ಖಾಲಿ ಮನೆಯಲ್ಲಿ ಫೋನು ಯಾರ ಜೊತೆ ಮಾತಾಡಿತು?

೩ ನವೆಂಬರ್, ಬುಧವಾರ

ಫಕ್ರುಸಾಬರ ಝೆರಾಕ್ಸ್ ಅಂಗಡಿಗೆ ಪೆನ್ಶನ್ ಕಾಗದದ ಪ್ರತಿ ತೆಗೆಸಲು ಹೋಗಿದ್ದೆ. ಯಂತ್ರದ ಮೇಲೆ ಒಂದು ಪ್ರಶ್ನೆಪತ್ರಿಕೆ ಇತ್ತು. ಸುಮ್ಮನೆ ಕಣ್ಣು ಹೋಯಿತು.

‘ಮುತ್ತಿ ಎಂಬ ಎಮ್ಮೆಯನ್ನು ಮನೆಯ ಹೊರಮೂಲೆಗೆ ಏಳು ಮೀಟರ್ ಹಗ್ಗದಿಂದ ಕಟ್ಟಿದೆ. ಮನೆಯ ಗೋಡೆಗಳು ಹಗ್ಗಕ್ಕಿಂತ ಉದ್ದವಾಗಿವೆ. ಸುತ್ತಲೂ ಹುಲ್ಲಿದೆ. ಮುತ್ತಿ ಎಷ್ಟು ಜಾಗ ಮೇಯಬಲ್ಲದು?’

ಮುತ್ತಿ ನರಗುಂದದಲ್ಲಿ ಶರಣವ್ವನ ತವರುಮನೆಯ ಎಮ್ಮೆ. ಈ ಲೆಕ್ಕವನ್ನು ಅವಳು ಕೊನೆಯ ತಿಂಗಳುಗಳಲ್ಲಿ ಹಾಸಿಗೆಯ ಮೇಲೆ ಮಲಗಿ ಹೇಳಿದ್ದಳು, ನಾನು ಟೈಪ್ ಮಾಡಿದ್ದೆ. ಎಂಥ ಲೆಕ್ಕವೋ, ಏನು ಅರ್ಥವೋ, ನನಗೇನು ಗೊತ್ತು? ಅವಳು ಹೇಳಿದಳು, ಬೆರಳು ಹೊಡೆಯಿತು. ಪುಸ್ತಕ ಮಾಡಿಸುವ ಆಸೆ ಅವಳಿಗೆ. ಯಾರಿಗೂ ಕೊಟ್ಟಿರಲಿಲ್ಲ, ಕ್ಲಾಸಿನಲ್ಲೂ ಹೇಳಿರಲಿಲ್ಲ. ಅದು ಇದ್ದದ್ದು ಆ ಕಂಪ್ಯೂಟರಿನ ಹೊಟ್ಟೆಯಲ್ಲಿ ಮಾತ್ರ.

“ಯಾರ್ದಿದು ಫಕ್ರುಸಾಬ?”

“ಶಿವಯೋಗೀಶ ಸರ್‌ದು. ಭಾಳ ಛಲೋ ಲೆಕ್ಕ ಅದಾವಂತ್ರಿ, ಹುಡುಗ್ರು ಬಿದ್ದು ಬಿದ್ದು ಒಯ್ಯಾಕತ್ತಾರ.”

ಅಂಗಡಿಯಿಂದ ಮನೆಗೆ ಹೇಗೆ ಬಂದೆನೋ ನೆನಪಿಲ್ಲ.

೫ ನವೆಂಬರ್, ಶುಕ್ರವಾರ

ಹುಬ್ಬಳ್ಳಿಯಿಂದ ಬಂದೇನವಾಜನನ್ನು ಕರೆಸಿದೆ. ಕಂಪ್ಯೂಟರ್ ಮಾರಿದವನೂ ಅವನೇ, ರಿಪೇರಿ ಮಾಡುವವನೂ ಅವನೇ. ಪ್ರಿಂಟರ್ ನಿಂತರೂ ಹುಬ್ಬಳ್ಳಿಯಿಂದ ಬಸ್ಸು ಹತ್ತಿ ಬಂದು ಸಾಕಾಗಿ, ಒಂದು ಸಾಫ್ಟ್‌ವೇರ್ ಹಾಕಿಕೊಟ್ಟಿದ್ದ. ಅವನು ಅಲ್ಲಿಂದ ಫೋನ್ ಮಾಡಿದರೆ ಇಲ್ಲಿನ ಕಂಪ್ಯೂಟರ್ ತಾನೇ ಎತ್ತಿಕೊಂಡು, ಗುಪ್ತಪದ ಕೇಳಿ, ಸರಿಯಾಗಿದ್ದರೆ ಇಡೀ ಯಂತ್ರವನ್ನು ಅವನ ಕೈಗೆ ಒಪ್ಪಿಸುತ್ತದೆ. ನಾನು ಅದಕ್ಕೆ ದೂರದ ಕೈ ಎಂದು ಹೆಸರಿಟ್ಟಿದ್ದೆ. ಕೆಲಸ ಮುಗಿದ ಮೇಲೆ ಕಂಪ್ಯೂಟರ್ ಬಂದ್ ಮಾಡುತ್ತಿದ್ದೆ, ಕೈಯೂ ಬಂದ್.

ಬಂದೇನವಾಜ ಏನೇನೋ ತೆರೆದು ನೋಡಿ ತಲೆ ಕೆರೆದುಕೊಂಡ.

“ಕಾಕಾರ, ನಿಮ್ಮ ಮನಿಗೆ ಯಾರೂ ಹೊಕ್ಕಿಲ್ಲ. ತಂತಿ ಹಿಡದು ಬಂದಾರ. ಖಂಡೇನವಮಿ ಮಧ್ಯಾಹ್ನ ಯಾರೋ ಫೋನ್ ಹಚ್ಚಿ, ಸಂಜೀತನಾ ಒಳಗ ಕುಂತಾರ. ನಾ ಅಲ್ರಿ, ಅವತ್ತ ನಮ್ಮ ಅಂಗಡಿ ಬಂದ್.”

“ಗುಪ್ತಪದ ಹೆಂಗ ಗೊತ್ತಾತು?”

ಅವನು ನನ್ನ ಮುಖ ನೋಡಿದ. ಇಬ್ಬರಿಗೂ ಆ ದಿನ ನೆನಪಾಯಿತು. ‘ಯಾರಿಗೂ ಕೇಳಿಸದಂಗ ಒಂದು ಹೆಸರ ಹೇಳ್ರಿ ಅಕ್ಕಾರ’ ಎಂದು ಇವನು ಅಂದದ್ದಕ್ಕೆ, ಅವಳು ಹಾಸಿಗೆಯಿಂದಲೇ, ಮುಂದಿನ ಬೆಂಚಿಗೂ ಹಿಂದಿನ ಬೆಂಚಿಗೂ ಕೇಳಿಸುವ ಕ್ಲಾಸಿನ ದನಿಯಲ್ಲಿ, ‘ಮುತ್ತಿ ಅಂತ ಇಡಪಾ! ಅಕಿ ಹೆಸರ ನಾ ಎಂದೂ ಮರಿಯಾಂಗಿಲ್ಲ’ ಎಂದಿದ್ದಳು. ಕೋಣೆ ತುಂಬ ನಗು. ಎಲ್ಲರಿಗಿಂತ ಜೋರಾಗಿ ನಕ್ಕವನು ಶಿವಯೋಗೀಶ.

“ಹೆಸರ ಬದ್ಲಿ ಮಾಡೋಣ್ರಿ. ಇನ್ನೊಂದು ಉಪಾಯ ಐತಿ, ಅದನ್ನೂ ಹಚ್ಚತೇನಿ. ಯಾರ ಫೋನ್ ಮಾಡಿದ್ರೂ ನಿಮ್ಮ ಯಂತ್ರ ಮದಲ ಇಟ್ಟಬಿಡತೈತಿ, ಆಮ್ಯಾಲ ತಾನ ತಿರುಗಿ ನಮ್ಮ ಅಂಗಡಿ ನಂಬರಿಗಷ್ಟ ಹಚ್ಚತೈತಿ. ಕಳ್ಳಗ ಹೆಸರ ಗೊತ್ತಿದ್ರೂ ದಕ್ಕಂಗಿಲ್ಲ.”

“ಬ್ಯಾಡ. ಹಂಗ ಇರಲಿ.”

“ಏನ್ರಿ ಕಾಕಾರ, ಕಳ್ಳ ಹೊಕ್ಕ ಮನಿ ಕೀಲಿ ಬದ್ಲಿ ಮಾಡಬ್ಯಾಡ ಅಂತೀರಲಾ?”

“ಅಂವ ಮತ್ತ ಬರಲಿ. ನಾ ಅವನ್ನ ನೋಡಬೇಕು.”

ಬಂದೇನವಾಜ ಚಹಾ ಅರ್ಧಕ್ಕೇ ಬಿಟ್ಟು ಹೋದ. ಮುತ್ತಿಯ ಹೆಸರು ತೆಗೆಯಲು ನನಗೆ ಮನಸ್ಸು ಬರಲಿಲ್ಲ, ಅದು ಬೇರೆ ಮಾತು. ಕಂಪ್ಯೂಟರ್ ತೆರೆಯಲೂ ಅದೇ ಹೆಸರು, ದಿನಕ್ಕೊಮ್ಮೆ ಹೊಡೆದರೆ ಅವಳು ಕರೆದಂತಿರುತ್ತದೆ.

೧೫ ನವೆಂಬರ್, ಸೋಮವಾರ

ನೋಡಿದೆ.

ಸೋಮವಾರ ಸಂಜೆ ನಾನು ಗುಡಿಗೆ ಹೋಗುವುದು ಶಿವಯೋಗೀಶನಿಗೆ ಗೊತ್ತು. ಕಂಪ್ಯೂಟರ್ ಚಾಲೂ ಬಿಟ್ಟು, ಓಣಿಗೆ ಕಾಣುವಂತೆ ಹೂವಿನ ಬುಟ್ಟಿ ಹಿಡಿದು ಹೊರಟು, ಹಿತ್ತಲಿನಿಂದ ಒಳಗೆ ಬಂದು ಕುಳಿತೆ. ಫೋನು ಬಡಿಯಿತು. ಯಂತ್ರ ತಾನೇ ಎತ್ತಿತು. ಬೆಕ್ಕಿನ ಬಾಲ ತುಳಿದಂತೆ ಕಿರುಚಿ ಸುಮ್ಮನಾಯಿತು. ಆಮೇಲೆ ಪರದೆಯ ಮೇಲಿನ ಬಾಣ ತಾನೇ ಅಲುಗಾಡಿತು. ಯಾರೂ ಮುಟ್ಟಿಲ್ಲ. ಮೌಸ್ ಎಂಬ ಇಲಿ ಮೇಜಿನ ಮೇಲೆ ಸತ್ತಂತೆ ಬಿದ್ದಿತ್ತು, ಬಾಣ ಮಾತ್ರ ಮನೆಯವನಂತೆ ಓಡಾಡಿತು. ಕಪಾಟಿನ ಬಾಗಿಲು ತೆರೆದಂತೆ ಅವಳ ಹೆಸರಿನ ಫೋಲ್ಡರ್ ತೆರೆಯಿತು, ಎಮ್ಮೆಯ ಲೆಕ್ಕಕ್ಕೆ ಬಂತು, ಬಹಳ ಹೊತ್ತು ಅಲ್ಲೇ ನಿಂತಿತು. ಯಾಕೆ ನಿಂತಿತೋ. ಆಮೇಲೆ ಹುಡುಕತೊಡಗಿತು. ಏನನ್ನು ಎಂದು ಹೊಳೆಯಿತು. ಪ್ರಶ್ನೆಗಳು ಅವನ ಹತ್ತಿರ ಹೋಗಿವೆ, ಉತ್ತರಗಳ ಫೈಲು ಬೇರೆ ಇದೆ, ಅದು ಹೋಗಿಲ್ಲ.

ಫೋನಿನ ತಂತಿ ಕಿತ್ತೆ. ಬಾಣ ನಿಂತಿತು.

ಅವಳ ಸೀರೆಯ ಪೆಟ್ಟಿಗೆಗೆ ಕೈ ಹಾಕಿದಂತಾಯಿತು. ಬಿ.ಎ. ಎರಡನೆಯ ವರ್ಷದಲ್ಲಿ ನಮ್ಮ ಇಂಗ್ಲಿಷ್ ಮಾಸ್ತರರು ಒಂದು ಶಬ್ದ ಹೇಳಿದ್ದರು, ನೆಮೆಸಿಸ್. ಅದು ದೇವತೆಯೋ ರೋಗವೋ ಈಗ ಸರಿಯಾಗಿ ನೆನಪಿಲ್ಲ, ಆದರೆ ಬಂದರೆ ಬಿಡುವುದಿಲ್ಲ ಎಂದಿದ್ದರು. ಶಿವಯೋಗೀಶನಿಗೆ ಅದು ನಾನೇ.

೧೬ ನವೆಂಬರ್

ಉತ್ತರ ಬೇಕೇ? ಕೊಡುತ್ತೇನೆ. ತಪ್ಪು ಉತ್ತರ ಕೊಡುತ್ತೇನೆ. ಮಾರ್ಚ್ ಪರೀಕ್ಷೆಯಲ್ಲಿ ಅವನ ಹುಡುಗರು ಸಾಲಾಗಿ ಕೆಡಲಿ. ಅವರ ಅಪ್ಪಂದಿರು ಬಂದು ಅವನ ಬೋರ್ಡು ಕಿತ್ತು ಚರಂಡಿಗೆ ಎಸೆಯಲಿ. ಕದ್ದದ್ದೇ ಕಳ್ಳನನ್ನು ಕೆಡಿಸಬೇಕು, ಅದೇ ಪೋಯೆಟಿಕ್ ಜಸ್ಟಿಸ್.

೯ ಡಿಸೆಂಬರ್, ಗುರುವಾರ

ತಪ್ಪು ಮಾಡುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಸುಮ್ಮನೆ ಒಂದು ಅಂಕಿ ಬರೆದರೆ ಅವನು ಹಿಡಿದುಬಿಡುತ್ತಾನೆ, ಕಳ್ಳನಾದರೂ ದಡ್ಡನಲ್ಲ. ನಂಬುವಂಥ ತಪ್ಪು ಬೇಕು. ಅದಕ್ಕೆ ಸರಿ ಯಾವುದೆಂದು ತಿಳಿಯಬೇಕು. ಅರವತ್ತು ದಾಟಿದ ಮೇಲೆ ಹತ್ತನೆಯ ಇಯತ್ತೆಯ ಪುಸ್ತಕ ಕೊಂಡುತಂದೆ.

ಎಮ್ಮೆಯ ಲೆಕ್ಕ ತಲೆಗೆ ಹೋಗಲೊಲ್ಲದು. ಕೊನೆಗೆ ಮನೆಯ ಮೂಲೆಗೆ ಗೂಟ ಹೊಡೆದು, ಹಗ್ಗ ಕಟ್ಟಿ, ತುದಿಗೆ ಸುಣ್ಣದ ಕಡ್ಡಿ ಹಿಡಿದು ನಾನೇ ಎಮ್ಮೆಯಾಗಿ ಸುತ್ತಿದೆ. ಪಕ್ಕದ ಮನೆಯ ಗಿರಿಯಪ್ಪ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದ.

“ಏನ್ರಿ ಮಡಿವಾಳಪ್ಪಾರ, ಗಾಣದೆತ್ತು ಆದ್ರೇನು?”

“ಎಮ್ಮಿ ಆಗೇನಿ. ನಿನಗ್ಯಾಕ?”

“ಮೇವ ಹಾಕಲೇನ್ರಿ?”

ಸುತ್ತುತ್ತ ಸುತ್ತುತ್ತ ಗೋಡೆಗೆ ಬಂದು ತಡೆಯಿತು. ಆಗ ತಿಳಿಯಿತು! ಪೂರ್ತಿ ವೃತ್ತ ಆಗುವುದಿಲ್ಲ. ಒಂದು ಕಾಲುಭಾಗ ಮನೆಯೇ ತಿಂದುಬಿಡುತ್ತದೆ. ಮುಕ್ಕಾಲು ಮಾತ್ರ ಎಮ್ಮೆಯದು. ಅಂಗಳದಲ್ಲಿ ಒಬ್ಬನೇ ನಿಂತು ನಕ್ಕೆ. ಹೀಗೋ ಮಾರಾಯ್ತಿ, ಹೀಗೋ ನೀನು ಹೇಳುತ್ತಿದ್ದದ್ದು! ನಾನು ಟೈಪ್ ಮಾಡುವಾಗ ಒಂದು ಸಲವಾದರೂ ಕೇಳಬೇಕಿತ್ತು.

ಸರಿ ಉತ್ತರ ನೂರಾ ಹದಿನೈದೂವರೆ. ಪೂರ್ತಿ ವೃತ್ತದ್ದು ನೂರಾ ಐವತ್ನಾಲ್ಕು. ಎರಡನೆಯದನ್ನು ಬರೆದೆ. ಇದೇ ರೀತಿ ಉಳಿದವಕ್ಕೂ. ಅವಳ ಸರಿಯಾದ ಫೈಲನ್ನು ಫ್ಲಾಪಿಗೆ ಹಾಕಿ ದೇವರ ಜಗಲಿಯ ಮೇಲಿಟ್ಟಿದ್ದೇನೆ.

೩ ಜನವರಿ ೨೦೦೫, ಸೋಮವಾರ

ತಿಂದ. ತಂತಿ ಹಿಡಿದು ಬಂದು, ವಿಷದ ಫೈಲನ್ನು ಹೊತ್ತುಕೊಂಡು ಹೋದ. ಹಿತ್ತಲ ಬಾಗಿಲಲ್ಲಿ ನಿಂತು ನೋಡಿದೆ. ಗುಡಿಗೆ ಹೋಗಿ ಕಾಯಿ ಒಡೆಸಿ ಬಂದೆ.

೧೭ ಜನವರಿ

ಬಂದೇನವಾಜನ ಫೋನು. “ಕಾಕಾರ, ಆ ಬಾಗಿಲಾ ಮುಚ್ಚೋದು ಯಾವಾಗ?” ಪರೀಕ್ಷೆ ಮುಗಿಯಲಿ ಎಂದೆ. “ಅದು ನಾ ರಿಪೇರಿಗಂತ ಹಾಕಿದ್ದು, ನೀವು ಅದರಾಗ ಏನ ನಡಸೀರಿ?” ಎಂದ. ಕೇಳಿಸದವನಂತೆ ಇಟ್ಟೆ.

ಬೇಸರಕ್ಕೆ ಇನ್ನೊಂದು ಅಧ್ಯಾಯ ಬಿಡಿಸಿದೆ. ಅವಳ ಲೆಕ್ಕಗಳಲ್ಲಿ ಎಲ್ಲೆಲ್ಲೂ ನರಗುಂದವೇ. ನೀರಿನ ತೊಟ್ಟಿ, ಹುಲ್ಲಿನ ಬಣವೆ, ಅವಳಪ್ಪ ತಲೆಗೆ ಸುತ್ತುವ ಪಟಗ. ಒಂದರಲ್ಲಿ ‘ಟೈಪ್ ಬೇಗ ಮಾಡುವ, ಆದರೆ ನಿಧಾನ ನಡೆಯುವ ಒಬ್ಬ ಮನುಷ್ಯ’ ಇದ್ದಾನೆ. ಅದನ್ನೂ ನಾನೇ ಹೊಡೆದಿದ್ದೆ, ತಿಳಿಯದೆ.

೧೬ ಫೆಬ್ರವರಿ, ಬುಧವಾರ

ಮಧ್ಯಾಹ್ನ ಒಬ್ಬ ಹುಡುಗಿ ಗೇಟಿನ ಹತ್ತಿರ ನಿಂತಿದ್ದಳು. ಒಳಗೂ ಬಾರಳು, ಹೊರಗೂ ಹೋಗಳು.

“ಯಾರವಾ?”

“ವಿದ್ಯಾ ಅಂತ್ರಿ ಅಜ್ಜಾರ. ಅಮರಗೋಳದಾಕಿ. ನಮ್ಮಪ್ಪ ಲಕ್ಕಪ್ಪ, ಅಲ್ಲೇ ಮಾರ್ಕೆಟ್ಟಿನ್ಯಾಗ ಹಮಾಲಿ ಮಾಡತಾನ್ರಿ. ಇದು ಶರಣವ್ವ ಅಕ್ಕಾರ ಮನಿ ಹೌದಲ್ರಿ?”

ಹೌದು ಎಂದೆ. ಶಿವಯೋಗೀಶನ ಕ್ಲಾಸಿಗೆ ದಿನಾ ಬಸ್ಸಿನಲ್ಲಿ ಬರುತ್ತಾಳಂತೆ. ಚೀಲದಿಂದ ಝೆರಾಕ್ಸ್ ಹಾಳೆ ತೆಗೆದಳು. ನನ್ನ ವಿಷ ಅವಳ ಕೈಯಲ್ಲಿ ನಾಲ್ಕು ಮಡಿಕೆಯಾಗಿತ್ತು.

“ಈ ಎಮ್ಮಿ ಲೆಕ್ಕದ ಉತ್ತರ ನನಗ ಬರವಲ್ದು. ನೂರಾ ಹದಿನೈದೂವರಿ ಬರತೈತಿ. ಇದರಾಗ ನೂರಾ ಐವತ್ನಾಲ್ಕು ಐತ್ರಿ. ಸರ್‌ನ ಕೇಳಿದ್ರ, ಇವು ಶರಣವ್ವ ಅಕ್ಕಾರು ಮಾಡಿದ್ದು, ಅಕ್ಕಾರ ಎಂದೂ ತಪ್ಪಂಗಿಲ್ಲ, ನಿನ್ನ ತಲಿ ತಪ್ಪೇತಿ ಅಂದ್ರು. ಎಲ್ಲಾರ ಮುಂದ ಅಂದ್ರು.”

ಕದ್ದವನು ತನ್ನದೆಂದು ಹೇಳಿಕೊಂಡಿಲ್ಲ!

“ಆದ್ರೂ ಅಜ್ಜಾರ,” ಎಂದಳು ಸಣ್ಣ ದನಿಯಲ್ಲಿ, “ಎಮ್ಮಿ ಗ್ವಾಡಿಯೊಳಗ ಹೊಕ್ಕು ಹೆಂಗ ಮೇಯತೈತ್ರಿ? ನಮ್ಮ ಮನ್ಯಾಗೂ ಎಮ್ಮಿ ಐತಿ. ಅದು ಅಡಗಿಮನ್ಯಾಗ ಬರಂಗಿಲ್ಲ.”

“ಮತ್ತ ಈಗ ಏನ ಮಾಡತಿ?”

“ಇಂಥಾವ ಭಾಳ ಅದಾವ್ರಿ, ಒಂದೂ ನನಗ ಕೂಡವಲ್ವು. ನಾ ಲೆಕ್ಕಕ್ಕ ಲಾಯಕ್ಕ ಇಲ್ಲ ಅನಸ್ತೈತಿ. ನಮ್ಮಪ್ಪಗ ಪರೀಕ್ಷಾ ಕಟ್ಟಂಗಿಲ್ಲ ಅಂತ ಹೇಳೇನಿ. ಅದಕ್ಕೂ ಮದಲ ಅಕ್ಕಾರ ಮನ್ಯಾಗ ಒಮ್ಮಿ ಕೇಳೋಣಂತ ಬಂದ್ನಿ.”

ಅಕ್ಕಾರು ತಪ್ಪಿದ್ದಾರೆ ಎನ್ನಲೇ? ಹುಡುಗಿ ತಪ್ಪಿದ್ದಾಳೆ ಎನ್ನಲೇ? ಅಂಗಳಕ್ಕೆ ಕರೆದುಕೊಂಡು ಹೋಗಿ ಗೂಟ ತೋರಿಸಿದೆ, ಹಗ್ಗ ಅವಳ ಕೈಗೆ ಕೊಟ್ಟೆ. ಅವಳು ಸುತ್ತಿದಳು, ಗೋಡೆಗೆ ತಡೆದು ನಿಂತಳು.

“ನಿಂದ ಖರೇ,” ಎಂದೆ. “ಹಾಳಿ ತಪ್ಪು. ಅಕ್ಕಾರ ತಪ್ಪಿಲ್ಲ, ಹಾಳಿ ತಪ್ಪು. ಹೆಂಗಂತ ಕೇಳಬ್ಯಾಡ. ಪರೀಕ್ಷಾ ಕಟ್ಟು. ನಾಳೆ ಬಾ, ಉಳದದ್ದು ನೋಡೋಣು.”

ಮುಖ ಅರಳಿಸಿಕೊಂಡು ಹೋದಳು. ನಾನು ಶಿವಯೋಗೀಶನಿಗೆ ಇಟ್ಟ ಬೋನಿನಲ್ಲಿ ಇವಳು ಯಾಕೆ ಬಂದು ಸಿಕ್ಕಳು? ಅವನ ಮೇಲಿನ ಸಿಟ್ಟು ಇನ್ನಷ್ಟು ಹೆಚ್ಚಾಗಿದೆ. ಎಲ್ಲರ ಮುಂದೆ ತಲೆ ತಪ್ಪಿದೆ ಎಂದನಂತೆ. ಬಿಡಿಸಿ ನೋಡುವುದಲ್ಲವೇ, ಮಾಸ್ತರನಾದವನು?

೨೩ ಫೆಬ್ರವರಿ

ವಿದ್ಯಾ ದಿನಾ ಬರುತ್ತಿದ್ದಾಳೆ, ಇವತ್ತು ಇನ್ನಿಬ್ಬರನ್ನು ಕರೆತಂದಳು. ಬೆಂಚಿನ ಧೂಳು ಒರೆಸಬೇಕಾಯಿತು. ನಾಳೆ ಸಮರೂಪ ತ್ರಿಭುಜ, ರಾತ್ರಿಯೇ ನೋಡಿಕೊಂಡಿರಬೇಕು. ಆದರೆ ಉಳಿದ ಹುಡುಗರೆಲ್ಲ ಆ ಹಾಳೆಯನ್ನೇ ಬಾಯಿಪಾಠ ಮಾಡುತ್ತಿದ್ದಾರಂತೆ. ಮೇಲೆ ಶರಣವ್ವನ ಹೆಸರು, ಕೆಳಗೆ ನನ್ನ ಸುಳ್ಳು. ಬೋರ್ಡು ಚರಂಡಿಗೆ ಬೀಳುವ ದಿನ ಜನ ಯಾರನ್ನು ಬೈಯುತ್ತಾರೆ?

ಶಿವಯೋಗೀಶನನ್ನು ಬಿಡುವುದಿಲ್ಲ. ದಾರಿ ಮಾತ್ರ ಬೇರೆ ಮಾಡಬೇಕು.

೨೮ ಫೆಬ್ರವರಿ, ಸೋಮವಾರ

ಸಂಜೆ ಎಮ್ಮೆಯ ಲೆಕ್ಕದ ಹಾಳೆ ಪರದೆಯ ಮೇಲೆ ತೆರೆದಿಟ್ಟು ಕುಳಿತೆ. ಫೋನು ಬಡಿಯಿತು, ಯಂತ್ರ ಕಿರುಚಿತು, ಬಾಣ ಅಲುಗಾಡಿತು. ಈ ಸಲ ತಂತಿ ಕೀಳಲಿಲ್ಲ. ಆ ಉತ್ತರದ ಕೆಳಗೇ ಟೈಪ್ ಮಾಡಿದೆ.

‘ಇದು ತಪ್ಪು. ನೂರಾ ಹದಿನೈದೂವರೆ.’

ಬಾಣ ಸತ್ತಂತೆ ನಿಂತಿತು. ಹೋದನೆಂದುಕೊಂಡೆ. ಅಷ್ಟರಲ್ಲಿ ನನ್ನ ಸಾಲಿನ ಕೆಳಗೆ ಒಂದೊಂದೇ ಅಕ್ಷರ ತಾನಾಗಿ ಮೂಡಿತು.

‘ಅಕ್ಕಾರ?’

ನಾನು ಮೇಜಿನಿಂದ ಕೈ ತೆಗೆದುಬಿಟ್ಟೆ. ಆ ಕೋಣೆಯಲ್ಲಿ ಆ ಶಬ್ದವನ್ನು ಹಾಗೆ ಯಾರೂ ಕೂಗಿ ಬಹಳ ದಿನವಾಗಿತ್ತು. ಹಿಂತಿರುಗಿ ಹಾಸಿಗೆ ಇದ್ದ ಜಾಗ ನೋಡಿದೆ, ಸುಳ್ಳೇಕೆ ಬರೆಯಲಿ.

ಆಮೇಲೆ ಹೊಡೆದೆ. ‘ಅಕ್ಕಾರು ಎಲ್ಲಿಂದ ಬರಬೇಕೋ? ನಾ ಮಡಿವಾಳಪ್ಪ.’

‘ಕಾಕಾ.’

‘ನಿನಗ ಸಿಗಲಿ ಅಂತ ಉತ್ತರ ನಾ ಕೆಡಿಸೇನಿ. ನಿನ್ನ ಮಾರಿಗೆ ಮಸಿ ಬಳೀಬೇಕಂತ ಕೆಡಿಸೇನಿ.’

ಆಮೇಲೆ ಬಂತು. ‘ನಾ ಬಿಡಿಸಿ ನೋಡಿದ್ದೆ ಕಾಕಾ. ನನಗೂ ನೂರಾ ಹದಿನೈದೂವರಿನ ಬಂದಿತ್ತು. ಅಕ್ಕಾರು ಬರದಾರ ಅಂದ್ರ ನಂದ ತಪ್ಪು ಅನ್ಕೊಂಡೆ.’

‘ಕದಿಯಾಂವಗ ಭಕ್ತಿ ಬ್ಯಾರೆ.’

‘ಕೇಳಿದ್ರ ಕೊಡತಿರಲಿಲ್ಲ ನೀವು.’

‘ಕೊಡತಿರಲಿಲ್ಲ.’

‘ಬಾಗಲಿಗೆ ಬರಾಕ ಮಾರಿ ಇರಲಿಲ್ಲ.’

‘ಈಗ ಐತೇನು? ನಾಳೆ ಬಾ. ಬಾಗಿಲಿಗೆ ಬಾ. ಸರಿ ಉತ್ತರ ಕೊಡತೇನಿ. ನಿನ್ನ ಹುಡುಗರ ಮುಂದ ನಿಂತು, ವಿದ್ಯಾಂದು ಖರೇ ಇತ್ತು ನಂದು ತಪ್ಪಿತ್ತು ಅಂತ ಹೇಳಬೇಕು. ಈ ಲೆಕ್ಕ ಹೆಂಗ ತಂದಿ ಅನ್ನೂದೂ ನಿನ್ನ ಬಾಯಿಲೆ ಹೇಳಬೇಕು.’

ಅವನು ಉತ್ತರ ಹೊಡೆಯುವ ಮೊದಲೇ ತಂತಿ ಕಿತ್ತೆ. ಕೊನೆಯ ಮಾತು ನನ್ನದೇ ಇರಲಿ.

೧ ಮಾರ್ಚ್, ಮಂಗಳವಾರ

ಬೆಳಿಗ್ಗೆ ಮೊದಲ ಬಸ್ಸಿಗೇ ಬಂದೇನವಾಜ ಬಂದ. ನಾನು ಕರೆದದ್ದಕ್ಕೆ ಖುಷಿಯಾಗಿದ್ದ, ಬೈಯುತ್ತಲೂ ಇದ್ದ. ಫೋನ್ ಬಂದರೆ ಇಟ್ಟುಬಿಟ್ಟು ಅವನ ಅಂಗಡಿಗೆ ಮಾತ್ರ ತಿರುಗಿ ಹಚ್ಚುವಂತೆ ಮಾಡಿದ. ಮೂರು ಸಲ ತಪ್ಪು ಹೆಸರು ಹೊಡೆದರೆ ಬಾಗಿಲು ತಾನೇ ಬೀಗ ಹಾಕಿಕೊಳ್ಳುತ್ತದಂತೆ.

“ಈಗ ಹೊಸಾ ಹೆಸರ ಹೊಡೀರಿ ಕಾಕಾರ. ನಾ ಆಕಡೆ ಮಾರಿ ಮಾಡತೇನಿ. ದೇವರಾಣಿ, ಈ ಸಲ ಒದರಬ್ಯಾಡ್ರಿ. ಎಮ್ಮಿ ಆಕಳಾ ಏನೂ ಬ್ಯಾಡ.”

“ಮುತ್ತಿ ಎಲ್ಲಿ ಹೋಗತೈತಿ?”

“ಲೆಕ್ಕದಾಗ ಇರತೈತಲ್ರಿ. ಅಲ್ಲೇ ಮೇಯಲಿ ಬಿಡ್ರಿ.”

ಹಳೆಯ ಹೆಸರನ್ನು ಕೊನೆಯ ಸಲ ಹೊಡೆದೆ. ಹೊಸದನ್ನು ಹೊಡೆದೆ. ಅದನ್ನು ಇಲ್ಲಿಯೂ ಬರೆಯುವುದಿಲ್ಲ. ಬಂದೇನವಾಜ ಬಸ್ಸಿಗೆ ಹೋದ ಮೇಲೆ ಮುಂಬಾಗಿಲು ಹಾಕಿ, ಅಗಳಿ ಇಟ್ಟು, ಶರಣವ್ವನ ಫೋಟೋದ ಹತ್ತಿರ ಹೋಗಿ ಅವಳ ಕಿವಿಗೆ ಮಾತ್ರ ಕೇಳಿಸುವಂತೆ ಹೇಳಿದೆ. ನೀನು ಒದರಬೇಡ ಎಂದೂ ಹೇಳಿದೆ.

ಆಗಲೇ ಹೊರಗೆ ಬಾಗಿಲು ಬಡಿದ ಸಪ್ಪಳ. “ಕಾಕಾ, ನಾ ಶಿವಯೋಗೀಶ.” ಜಗಲಿಯ ಮೇಲಿನ ಫ್ಲಾಪಿ ಕೈಗೆ ತೆಗೆದುಕೊಂಡೆ, ಅದಕ್ಕೆ ಬಿದ್ದಿದ್ದ ವಿಭೂತಿ ಒರೆಸಿದೆ. ಮತ್ತೆ ಬಡಿದ. “ಕಾಕಾ, ಇದ್ದೀರೇನ್ರಿ?”

ಬಾಗಿಲ ಹಿಂದೆಯೇ ನಿಂತಿದ್ದೆ. ಇನ್ನೂ ಸ್ವಲ್ಪ ಬಡಿಯಲಿ ಎಂದು ಬಿಟ್ಟೆ.